ಮನಃಶಾಸ್ತ್ರಕ್ಕೆ ಆರು ಪಂಚಮಿ

ಪಿಯುಸಿಯಲ್ಲಿ ನಾನು ಮನಃಶಾಸ್ತ್ರ ತೆಗೆದುಕೊಂಡದ್ದಕ್ಕೆ ಬಿದ್ದ ಬೆಲೆ ಆರು ಪಂಚಮಿ. ಆ ಬೆಲೆ ಕೊಟ್ಟವಳು ನಮ್ಮವ್ವ.

ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯಬೇಕು. ಕರೆಯಲು ಯಾರೂ ಬಾರದಿದ್ದರೆ ತಾನಾಗಿ ಬಸ್ಸು ಹತ್ತಿ ಹೋಗುವಂತಿಲ್ಲ. ಹೋದರೆ ಓಣಿಯವರು ಏನೂ ಅನ್ನದಿದ್ದರೂ ಹೋದವಳಿಗೇ ಮುಖ ಎತ್ತಲಾಗುವುದಿಲ್ಲ. ಆರು ವರ್ಷ ನಮ್ಮವ್ವನನ್ನು ಕರೆಯಲು ಯಾರೂ ಬರಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ, ಜೂನ್ ತಿಂಗಳ ಒಂದು ಶುಕ್ರವಾರ ಸಂಜೆ, ಮಸ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಮತ್ತು ನಮ್ಮಪ್ಪ ಮಾಡಿದ ಒಂದು ವ್ಯಾಪಾರ ಅದಕ್ಕೆ ಕಾರಣ. ಆ ವ್ಯಾಪಾರದಲ್ಲಿ ನಾನು ಗೆದ್ದೆ. ಹೇಗೆ ಗೆದ್ದೆ, ಎಲ್ಲಿ ತಪ್ಪಿದೆ ಎಂಬುದನ್ನು ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಮಕ್ಕಳಿದ್ದರೆ ಉಪಯೋಗವಾದೀತು.

ಮಸ್ಕಿಯಲ್ಲಿ ನಿಂತರೆ ಬಸ್ಸು ಎರಡು ಕಡೆಗೆ. ಒಂದು ಕಡೆ ಸಿಂಧನೂರು, ಇನ್ನೊಂದು ಕಡೆ ಲಿಂಗಸುಗೂರು. ಮುಂದೆ ಓದುವ ನಮ್ಮ ಓಣಿಯ ಹುಡುಗರು ಆ ಎರಡರಲ್ಲಿ ಒಂದನ್ನು ಹತ್ತುತ್ತಿದ್ದರು. ಹುಡುಗಿಯರು ಬಹಳ ಮಟ್ಟಿಗೆ ಯಾವುದನ್ನೂ ಹತ್ತುತ್ತಿರಲಿಲ್ಲ.

ಸಿಂಧನೂರಿನಲ್ಲಿ ನಮ್ಮ ಸೋದರಮಾವ, ಅಂದರೆ ಅವ್ವನ ಅಣ್ಣ. ಅವ್ವನ ತವರು ಅದೇ ಮನೆ, ಅವ್ವನ ತಾಯಿಯೂ ಅಲ್ಲೇ ಇದ್ದಳು. ಕಾಲುವೆಯ ನೀರು ಬಂದು ಆ ಸೀಮೆಯೆಲ್ಲ ಭತ್ತವಾದಾಗ ಗೊಬ್ಬರದ ಅಂಗಡಿ ಹಾಕಿ ಮೇಲೆ ಬಂದವನು. ಅವನ ಲೆಕ್ಕ ನೇರವಾಗಿತ್ತು. ನಾನು ಸಿಂಧನೂರಿನಲ್ಲಿ ಕಾಮರ್ಸ್ ಸೇರಬೇಕು, ಅವನ ಮನೆಯಲ್ಲೇ ಇರಬೇಕು, ಎರಡು ವರ್ಷ ಓದಿ ಅಂಗಡಿಯ ಪುಸ್ತಕ ನೋಡಿಕೊಳ್ಳುವಷ್ಟಾದ ಮೇಲೆ ಅವನ ಹಿರಿಯ ಮಗನಿಗೆ ಹೆಂಡತಿಯಾಗಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹುಡುಗ ಕೆಟ್ಟವನಲ್ಲ. ಊಟ ಮಾಡುವಾಗ ಮಾತಾಡುತ್ತಿರಲಿಲ್ಲ, ಊಟವಾದ ಮೇಲೂ ಮಾತಾಡುತ್ತಿರಲಿಲ್ಲ, ಅಷ್ಟೆ.

ಆದ್ದರಿಂದ ನನಗೆ ವಿಷಯ ಆರಿಸುವುದೂ ಗಂಡನನ್ನು ಆರಿಸುವುದೂ ಒಂದೇ ಆಗಿತ್ತು. ಸಿಂಧನೂರಿನ ಬಸ್ಸು ಹತ್ತಿದರೆ ಎರಡೂ ಮುಗಿದಂತೆ.

ಲಿಂಗಸುಗೂರಿಗೆ ನಾನು ಹೋದದ್ದು ಕಾಲೇಜಿಗೆಂದಲ್ಲ. ಆಗ ನಮಗೆ ತಾಲೂಕು ಅದೇ. ಆದಾಯದ ಸರ್ಟಿಫಿಕೇಟಿಗೆ ಅಪ್ಪನ ಜೊತೆ ಕಚೇರಿಗೆ ಹೋದರೆ, ಗುಮಾಸ್ತ ಮಧ್ಯಾಹ್ನದ ಮೇಲೆ ಬನ್ನಿ ಎಂದ. ಬಿಸಿಲಿನಲ್ಲಿ ಎಲ್ಲಿ ಕೂರುವುದು? ಅಪ್ಪನನ್ನು ಪುಸಲಾಯಿಸಿ ಕಾಲೇಜಿಗೆ ಕರೆದುಕೊಂಡು ಹೋದೆ. ಅಲ್ಲಿ ಆರ್ಟ್ಸ್ ವಿಭಾಗದಲ್ಲಿ ಮನಃಶಾಸ್ತ್ರ ಇದೆ ಎಂದು ನೋಟಿಸ್ ಬೋರ್ಡಿನಲ್ಲಿತ್ತು. ಅದನ್ನು ಕಲಿಸುವ ಮೇಡಂ ಮೈಸೂರು ಕಡೆಯವರು, ವಯಸ್ಸು ಇಪ್ಪತ್ತೈದು ಇದ್ದೀತು. ಖಾಲಿ ಕೋಣೆಯಲ್ಲಿ ಒಂದು ಕಟ್ಟಿಗೆಯ ಡಬ್ಬಿ ಒರೆಸುತ್ತ ಕುಳಿತಿದ್ದರು.

ಡಬ್ಬಿಯಲ್ಲಿ ಒಂದು ಕನ್ನಡಿ, ಮುಂದೆ ಒಂದು ಅಡ್ಡ ಹಲಗೆ, ಕೆಳಗೆ ನಕ್ಷತ್ರ ಬರೆದ ಕಾಗದ. ಕೈ ನೇರವಾಗಿ ಕಾಣುವುದಿಲ್ಲ. ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು. ನನ್ನ ಪೆನ್ಸಿಲ್ ಎರಡನೆಯ ಮೂಲೆಯಲ್ಲಿ ಸಿಕ್ಕಿಬಿತ್ತು. ಮೇಲೆ ಹೋಗು ಎಂದರೆ ಕೆಳಗೆ ಬರುತ್ತಿತ್ತು. ಅಪ್ಪ ನಕ್ಕು, "ಸರಿ ಬೇ ಆಚೆ," ಎಂದು ತಾನು ಕುಳಿತ. ಅವನ ಕೈ ಮೊದಲ ಮೂಲೆಯಲ್ಲೇ ನಿಂತುಬಿಟ್ಟಿತು. ಹಣೆಯಲ್ಲಿ ಬೆವರು.

"ಇದೇನ್ರಿ ಮೇಡಮ್ಮಾರ, ನನ್ನ ಕೈ ನನ್ನ ಮಾತೇ ಕೇಳವಲ್ದು."

"ಕೈ ಸರಿಯಾಗೇ ಇದೆ. ಕಣ್ಣು ತಪ್ಪು ಹೇಳ್ತಾ ಇದೆ. ಹತ್ತು ಸಲ ಮಾಡಿ, ಬರುತ್ತೆ."

"ಇದನ್ನ ಓದಿದ್ರ ಮುಂದ ಏನಾಗ್ತಾರ್ರಿ?"

"ಎರಡು ವರ್ಷ ಓದಿದ್ರೆ ಏನೂ ಆಗಲ್ಲ. ಇನ್ನೂ ಬಹಳ ಓದಬೇಕು. ಓದಿದ್ರೂ ಈ ಕಡೆ ಕೆಲಸ ಸಿಗೋದು ಕಷ್ಟ," ಎಂದರು ಮೇಡಂ.

ನಮ್ಮಪ್ಪ ದನದ ಸಂತೆಯಲ್ಲಿ ದಲ್ಲಾಳಿ. ತನ್ನ ಎತ್ತಿನ ಐಬು ತಾನೇ ಮುಂದಾಗಿ ಹೇಳುವವರನ್ನು ಆಯುಷ್ಯದಲ್ಲೇ ಕಂಡಿರಲಿಲ್ಲ. ತಲೆಯಾಡಿಸುತ್ತಾ ಹೊರಗೆ ಬಂದ. ನಾನು ಫಾರ್ಮ್ ಇಸಿದುಕೊಂಡೆ. ಶನಿವಾರ ಒಂದು ಗಂಟೆಗೆ ಕಿಟಕಿ ಮುಚ್ಚುತ್ತದೆ, ಪಾಲಕರ ಸಹಿ ಇಲ್ಲದೆ ತರಬೇಡಿ ಎಂದು ಕ್ಲಾರ್ಕ್ ಹೇಳಿದ. ಅವತ್ತು ಮಂಗಳವಾರ.

ಬುಧವಾರ ಅಪ್ಪ ಸಹಿ ಹಾಕಲಿಲ್ಲ. ಗುರುವಾರವೂ ಹಾಕಲಿಲ್ಲ. ಫಾರ್ಮು ಗೋಡೆಯ ಕ್ಯಾಲೆಂಡರಿನ ಹಿಂದೆ ಇತ್ತು. ನಾನು ದಿನಕ್ಕೆ ಹತ್ತು ಸಲ ಎತ್ತಿ ನೋಡುತ್ತಿದ್ದೆ. ಇಷ್ಟರಲ್ಲಿ ಸುದ್ದಿ ಓಣಿಯೆಲ್ಲ ಹಬ್ಬಿತ್ತು. ಮನಃಶಾಸ್ತ್ರ ಎಂಬುದನ್ನು ಯಾರೂ ಆ ಹೆಸರಿನಿಂದ ಕರೆಯಲಿಲ್ಲ. ಹುಚ್ಚರ ವಿದ್ಯೆ ಎಂದರು. ಪಕ್ಕದ ಮನೆಯ ಅಜ್ಜಿ ನನ್ನನ್ನು ಕರೆದು ಕಣ್ಣಿನ ರೆಪ್ಪೆ ಎತ್ತಿ ನೋಡಿದಳು. ಗುರುವಾರ ರೊಟ್ಟಿ ಬಡಿಯುತ್ತಾ ಅವ್ವ ಮೆಲ್ಲಗೆ ಕೇಳಿದಳು, "ಅದನ್ನ ಓದಿದ್ರ ಓದಿದವರಿಗೂ ಹುಚ್ಚು ಹತ್ತತೈತಂತ, ಹೌದೇನ?"

"ಹಂಗೇನಿಲ್ಲ ಬಿಡವ್ವ."

"ಹತ್ತಿದವರಿಗೆ ಹೆಂಗ ತಿಳೀಬೇಕು?" ಎಂದಳು.

ಶುಕ್ರವಾರ ಸಂಜೆ ಐದರ ಸುಮಾರಿಗೆ ಮಾವ ಬಂದ. ಮೋಟರ್‌ಸೈಕಲ್ಲಿನ ಸದ್ದಿಗೇ ನಾನು ಫಾರ್ಮನ್ನು ಕ್ಯಾಲೆಂಡರಿನ ಹಿಂದೆ ಇನ್ನಷ್ಟು ಒಳಗೆ ತಳ್ಳಿದೆ.

"ಚಾ ಇಡು ತಂಗಿ. ಸಕ್ರಿ ಜಾಸ್ತಿ ಹಾಕು, ಛಲೋ ಸುದ್ದಿ ತಂದೀನಿ," ಎಂದು ಚಾಪೆಯ ಮೇಲೆ ಕುಳಿತು, ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದು ಅಪ್ಪನ ಮುಂದೆ ಇಟ್ಟ. ಸಿಂಧನೂರಿನ ಕಾಮರ್ಸ್ ಫಾರ್ಮು. "ಎಲ್ಲಾ ಬರದೈತಿ. ಹುಡುಗಿದೊಂದು ಸಹಿ ಆದ್ರ ಮುಗೀತು. ನಾಳೆ ಮುಂಜಾನೆ ನಾನ ಹೋಗಿ ಕೊಟ್ಟುಬಿಡ್ತೀನಿ."

ನಾನು ಬಗ್ಗಿ ನೋಡಿದೆ. ನನ್ನ ಹೆಸರು, ಹುಟ್ಟಿದ ತಾರೀಖು, ಎಲ್ಲ ಸರಿಯಾಗಿತ್ತು. ಪಾಲಕರ ಸಹಿಯ ಜಾಗದಲ್ಲಿ ಮಾವನ ಸಹಿ ಇತ್ತು.

ಅಪ್ಪನೂ ಅದನ್ನು ನೋಡಿದ. ಕಾಗದವನ್ನು ಒಂದು ಬೆರಳಿನಿಂದ ನೇರ ಮಾಡಿ ಇಟ್ಟ.

"ಮಾವ, ನಾ ಲಿಂಗಸುಗೂರಿಗೆ ಹೋಗಬೇಕಂತ ಮಾಡೀನಿ. ಅಲ್ಲಿ ಮನಃಶಾಸ್ತ್ರ ಐತಿ," ಎಂದೆ.

ಮಾವ ನಕ್ಕ. "ಹುಚ್ಚರನ ನೋಡಾಕ ಕಾಲೇಜ್ಯಾಕ ಬೇಕಬೇ ಯವ್ವಾ? ಯೂರಿಯಾ ಇಲ್ಲ ಅಂತ ಬೋರ್ಡ್ ಹಾಕಿದ ದಿನ ನನ್ನ ದುಕಾನದಾಗ ಬಂದು ಕುಂದ್ರು. ಸಂಜೀ ತನಕ ನೂರು ಮಂದಿ ತೋರಸ್ತೀನಿ."

ಅಪ್ಪನೂ ನಕ್ಕ. ನನಗೆ ಹೆದರಿಕೆಯಾಯಿತು. ಸಂತೆಯಲ್ಲಿ ಎದುರಿನವರ ಮಾತಿಗೆ ಅಪ್ಪ ನಕ್ಕರೆ ಒಂದೋ ವ್ಯಾಪಾರ ಮುರಿದಿರುತ್ತಿತ್ತು, ಇಲ್ಲ ಅವನು ಒಪ್ಪಿರುತ್ತಿದ್ದ. ಎರಡರಲ್ಲಿ ಯಾವುದೆಂದು ನಗೆಯಿಂದ ತಿಳಿಯುತ್ತಿರಲಿಲ್ಲ.

"ಕಾಮರ್ಸ್ ಓದಿದ್ರ ಲೆಕ್ಕ ಬರ್ತೈತಿ. ಇದನ್ನ ಓದಿದ್ರ ಏನ್ ಬರ್ತೈತಿ, ಹೇಳು?" ಎಂದ ಮಾವ.

"ಮಂದಿ ಒಳಗ ಏನ್ ವಿಚಾರ ಮಾಡಾಕತ್ತಾರ ಅನ್ನೋದು ತಿಳೀತೈತಿ."

"ಹಂಗೇನು? ಈಗ ನಾ ಏನ್ ವಿಚಾರ ಮಾಡಾಕತ್ತೀನಿ, ಹೇಳ್ ನೋಡೂಣು."

ಮಗನ ಲಗ್ನದ ವಿಚಾರವೆಂದು ಗೊತ್ತಿತ್ತು. ಹೇಳುವಂತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತ ಅವ್ವ, "ಬಿಡಣ್ಣ, ಸಣ್ಣ ಹುಡುಗಿ," ಎಂದಳು.

"ಸಣ್ಣಾಕಿ ಅಂತ ಹೇಳಾಕತ್ತೀನಿ ತಂಗಿ. ಆ ಮನ್ಯಾಗ ಯಾರಿಗೋ ತಲಿ ಕೆಟ್ಟಿರಬೇಕು, ಅದಕ್ಕ ಹುಡುಗಿನ ಆ ಓದಿಗೆ ಹಾಕ್ಯಾರ, ಅಂತಾರ ನಾಳೆ ಮಂದಿ. ಆಮ್ಯಾಲ ಈಕಿಗೆ ಯಾರು ಬರ್ತಾರ? ನನ್ನ ಮಗನೂ ಸಿಗಾಂಗಿಲ್ಲ, ಹೇಳೀನಿ."

ಆ ಮಾತು ಮೊದಲ ಸಲ ಬಾಯಿಂದ ಬಿದ್ದಿತ್ತು. ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ತನ್ನ ಬಲಗೈಯ ಮೇಲೆ ಹಾಸಿಕೊಂಡ.

"ಬಾ ಬೇ ಇಲ್ಲಿ," ಎಂದ ನನಗೆ.

ದನದ ಸಂತೆಯಲ್ಲಿ ರೇಟು ಬಾಯಿಂದ ಹೇಳುವುದಿಲ್ಲ. ಸುತ್ತ ಹತ್ತು ಜನ ನಿಂತಿರುತ್ತಾರೆ, ಎಲ್ಲರ ಕಿವಿ ಅಲ್ಲೇ ಇರುತ್ತದೆ. ಅದಕ್ಕೆ ದಲ್ಲಾಳಿ ಟವೆಲ್ಲಿನ ಕೆಳಗೆ ಕೈ ಕೊಡುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ನಡುಗೆಣ್ಣು ಒತ್ತಿದರೆ ಅರ್ಧ. ಅಂಗೈ ತಟ್ಟಿದರೆ ಮುಗಿಯಿತು, ಮತ್ತೆ ಅದರ ಮೇಲೆ ಮಾತಿಲ್ಲ. ಗಂಡುಮಕ್ಕಳಿಲ್ಲದ ಅಪ್ಪ ನನಗೆ ಇದನ್ನು ಆಟದಂತೆ ಕಲಿಸಿದ್ದ. ಪೇರಲಹಣ್ಣಿಗೆ, ಜಾತ್ರೆಯ ಬಳೆಗೆ ನಾವು ಹೀಗೆ ಚೌಕಾಶಿ ಮಾಡಿದವರೇ. ಆದರೆ ಹೊರಗಿನವರ ಮುಂದೆ ಎಂದೂ ಮಾಡಿರಲಿಲ್ಲ.

ನಾನು ಕುಳಿತು ಟವೆಲ್ಲಿನ ಕೆಳಗೆ ಕೈ ಇಟ್ಟೆ. "ವರ್ಷ," ಎಂದಷ್ಟೇ ಅಂದ ಅಪ್ಪ. ಎಷ್ಟು ವರ್ಷ ಈ ಮನೆಯಲ್ಲಿ ನನ್ನ ಲಗ್ನದ ಮಾತು ಎತ್ತಬಾರದು ಎಂಬ ಲೆಕ್ಕ ಅದು ಎಂದು ನನಗೆ ತಿಳಿಯಿತು.

ಅಪ್ಪ ನನ್ನ ಒಂದು ಬೆರಳು ಹಿಡಿದ.

ನಾನು ಅವನ ಐದೂ ಬೆರಳು ಹಿಡಿದೆ. ಅಪ್ಪನ ಹುಬ್ಬು ಕೂಡ ಅಲ್ಲಾಡಲಿಲ್ಲ. ಎರಡು ಹಿಡಿದ. ಪಿಯುಸಿಗೆ ಎರಡೇ ಸಾಕು, ಅಲ್ಲಿಗೇ ಕೈ ತಟ್ಟಬಹುದಿತ್ತು. ಆದರೆ ಸಾಕಾಗುವ ರೇಟು ಸಿಕ್ಕ ಕೂಡಲೇ ಒಪ್ಪಬಾರದೆಂದು ಕಲಿಸಿದವನೇ ಅವನು. ನಾಲ್ಕು ಹಿಡಿದೆ. ಅಪ್ಪ ಮತ್ತೆ ಎರಡೇ ಹಿಡಿದ, ಬಿಗಿಯಾಗಿ. ಎದುರಿನಲ್ಲಿ ಮಾವ ಒಮ್ಮೆ ಟವೆಲ್ಲನ್ನು, ಒಮ್ಮೆ ಅಪ್ಪನ ಮುಖವನ್ನು ನೋಡುತ್ತಿದ್ದ. ಅವ್ವ ಚಹಾದ ಬಸಿಗಳನ್ನು ತಂದು ಅವನ ಮುಂದಿಟ್ಟಳು.

ಎರಡೇ ಎಂದು ನಿಜವಾಗಿ ನಿಶ್ಚಯಿಸಿದವನು ಕೈ ಬಿಟ್ಟುಬಿಡುತ್ತಾನೆ. ಬಿಗಿ ಹಿಡಿದವನ ಹತ್ತಿರ ಇನ್ನೂ ಇದೆ ಎಂದು ಅರ್ಥ. ನಾನು ಕಾದೆ. ಅಪ್ಪ ಮೂರನೆಯ ಬೆರಳಿನ ನಡುಗೆಣ್ಣು ಒತ್ತಿದ, ಎರಡೂವರೆ. ನಾನು ಅದೇ ಬೆರಳನ್ನು ತುದಿಯ ತನಕ ಎಳೆದು ಹಿಡಿದೆ. ಮೂರು. ಆ ಮೂರನೆಯ ವರ್ಷ ಯಾತಕ್ಕೆ ಎಂದು ನನಗೇ ಗೊತ್ತಿರಲಿಲ್ಲ. ಚೌಕಾಶಿಯ ಚಟ.

ಅಪ್ಪ ನನ್ನ ಅಂಗೈ ತಟ್ಟಿದ. ಟವೆಲ್ಲು ಹೆಗಲಿಗೆ ಹಾಕಿಕೊಂಡು, ಕ್ಯಾಲೆಂಡರಿನ ಹಿಂದಿನ ಫಾರ್ಮು ತರಿಸಿ, ಅಲ್ಲೇ ಮಾವನ ಮುಂದೆ ಸಹಿ ಹಾಕಿದ.

"ಮೂರು ವರ್ಷ ಈ ಮನ್ಯಾಗ ಲಗ್ನದ ಮಾತಿಲ್ರಿ. ಹುಡುಗಿ ಲಿಂಗಸುಗೂರಿಗೆ ಹೋಗ್ತಾಳ."

ಮಾವ ಚಹಾ ಪೂರ್ತಿ ಕುಡಿದ. ತನ್ನ ಫಾರ್ಮನ್ನು ಮಡಿಚಿ ಜೇಬಿಗಿಟ್ಟುಕೊಂಡು ಎದ್ದ. ಮುಖ ಕೆಂಪಾಗಿತ್ತು, ದನಿ ಮಾತ್ರ ಏರಲಿಲ್ಲ.

"ಸಂತ್ಯಾಗ ದನದ ಸುತ್ತ ಪುಕ್ಕಟೆ ನಿಂತು ನೋಡೋರು ಇರ್ತಾರಲ್ಲ, ಅವರಂಗ ನನ್ನ ಕುಂದ್ರಿಸಿದ್ರಿ. ನನ್ನ ಸೊಸಿ ಮಾತು, ನನ್ನ ಮುಂದ, ಅರಿವಿ ಮುಚ್ಚಿ." ಅವ್ವನ ಕಡೆ ತಿರುಗಿದ. "ತಂಗಿ, ಈ ಸಲ ಪಂಚಮಿಗೆ ನನ್ನ ದಾರಿ ನೋಡಬ್ಯಾಡ."

ಮೋಟರ್‌ಸೈಕಲ್ಲು ಹೋಯಿತು. ಅವ್ವ ಬಸಿಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಅವತ್ತು ಅವಳ ಮುಖ ನೋಡಲಿಲ್ಲ. ನೋಡುವ ಪುರುಸೊತ್ತು ನನಗಿರಲಿಲ್ಲ, ಫಾರ್ಮಿನ ಶಾಯಿ ಆರಿದೆಯೋ ಇಲ್ಲವೋ ನೋಡುತ್ತಿದ್ದೆ.

ಶನಿವಾರ ಹತ್ತರ ಬಸ್ಸು ಬರಲೇ ಇಲ್ಲ. ಹನ್ನೊಂದೂವರೆಗೆ ಬಂದದ್ದಕ್ಕೆ ಜೋತುಬಿದ್ದು ಹೋದೆವು. ಕಿಟಕಿಯ ಮುಂದೆ ನಿಂತಾಗ ಕ್ಲಾರ್ಕ್ ಬಾಗಿಲು ಎಳೆಯುತ್ತಿದ್ದ. ಅಪ್ಪ ಸಂದಿಯಲ್ಲಿ ಕೈ ತೂರಿಸಿದ. "ಮುಚ್ಚಿದ್ರ ಕೈ ಮುರೀತೈತ್ರಿ ಸಾಹೇಬ್ರ, ಆಮ್ಯಾಲ ದವಾಖಾನಿಗೆ ನೀವ ಒಯ್ಯಬೇಕು," ಎಂದ. ಫಾರ್ಮು ಒಳಗೆ ಹೋಯಿತು.

ಮುಂದಿನ ತಿಂಗಳು ಪಂಚಮಿ. ಅವ್ವ ಶೇಂಗಾದ ಉಂಡಿ, ಎಳ್ಳಿನ ಉಂಡಿ ಕಟ್ಟಿ, ತವರಿಗೆಂದು ಒಂದು ಡಬ್ಬಿ ಬೇರೆ ತೆಗೆದಿಟ್ಟಳು. ಮಾವ ಸಿಟ್ಟಿನಲ್ಲಿ ಅಂದದ್ದು, ಬಂದೇ ಬರುತ್ತಾನೆ ಎಂದು ನಾವೆಲ್ಲ ತಿಳಿದಿದ್ದೆವು. ಹಬ್ಬದ ಹಿಂದಿನ ದಿನ ಸಿಂಧನೂರಿನಿಂದ ಬರುವ ಒಂದೊಂದು ಬಸ್ಸಿನ ಹೊತ್ತಿಗೂ ಅವ್ವ ಬಾಗಿಲಿಗೆ ಬಂದು ಹೋದಳು. ಐದು ಬಸ್ಸು. ಆಮೇಲೆ ಆ ಡಬ್ಬಿಯ ಉಂಡಿಗಳನ್ನು ಓಣಿಯ ಮಕ್ಕಳಿಗೆ ಹಂಚಿಬಿಟ್ಟಳು.

ಎರಡನೆಯ ಪಂಚಮಿಗೆ ಬಾಗಿಲಿಗೆ ಬರಲಿಲ್ಲ. ಮೂರನೆಯದಕ್ಕೆ ತವರಿನ ಡಬ್ಬಿ ತೆಗೆದಿಡಲಿಲ್ಲ. ಆ ವರ್ಷವೇ ಮಾವನ ಮಗನ ಲಗ್ನವಾಯಿತು. ನಮಗೆ ಅಂಚೆಯಲ್ಲಿ ಕಾರ್ಡು ಬಂತು, ಕರೆಯಲು ಯಾರೂ ಬರಲಿಲ್ಲ. ಅವ್ವನಿಗೆ ಸಮಾಧಾನವಾಗಲಿ ಎಂದು ನಾನು ಟವೆಲ್ಲಿನ ಕೆಳಗೆ ಅಪ್ಪನನ್ನು ಹೇಗೆ ಎರಡರಿಂದ ಮೂರಕ್ಕೆ ಎಳೆದೆ ಎಂಬುದನ್ನು ನಗುತ್ತಾ ಹೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಅಂದಳು:

"ಇಬ್ರೂ ಛಲೋ ವ್ಯಾಪಾರ ಮಾಡಿದ್ರಿ. ಮಾರಿದ್ದು ಯಾರ ಎತ್ತು ಅಂತ ಕೇಳಿದ್ರೇನು?"

ಎರಡು ವರ್ಷ ಮನಃಶಾಸ್ತ್ರ ಓದಿದವಳು ನಾನು. ಮನೆಯೊಳಗೆ ಕಣ್ಣೆದುರಿಗೆ ಇದ್ದವಳ ಮನಸ್ಸು ಓದಿರಲಿಲ್ಲ.

ಓದಿನ ಕಥೆಯನ್ನೂ ಮುಚ್ಚಿಡುವುದಿಲ್ಲ. ಮೊದಲ ವರ್ಷ ಚೆನ್ನಾಗಿ ಹೋಯಿತು. ಎರಡನೆಯ ವರ್ಷದ ನಡುವೆ ಮೇಡಂಗೆ ವರ್ಗವಾಯಿತು, ಬದಲಿಗೆ ಯಾರೂ ಬರಲಿಲ್ಲ. ಹಳೆಯ ನೋಟ್ಸ್ ಇಟ್ಟುಕೊಂಡು ಪರೀಕ್ಷೆ ಬರೆದು ಪಾಸಾದೆ. ಮುಂದೆ ಓದಲಿಲ್ಲ. ಆದರೆ ಅಪ್ಪ ಮಾತಿಗೆ ತಪ್ಪಲಿಲ್ಲ. ಮೂರನೆಯ ವರ್ಷ ಲಗ್ನದ ಮಾತೆತ್ತಿದವರಿಗೆಲ್ಲ "ಇನ್ನೂ ಟೈಮ್ ಐತ್ರಿ" ಎಂದು ಚಹಾ ಕುಡಿಸಿ ಕಳಿಸಿದ. ಆ ಖಾಲಿ ವರ್ಷದಲ್ಲೇ ನಾನು ಲಿಂಗಸುಗೂರಿನಿಂದ ಸೀರೆಗಳ ಗಂಟು ತಂದು, ಶಾಲೆಯ ಟೀಚರುಗಳಿಗೆ, ಆಸ್ಪತ್ರೆಯ ನರ್ಸುಗಳಿಗೆ ಮಾರಲು ಕಲಿತೆ. ಇವತ್ತಿನ ನನ್ನ ಅಂಗಡಿಯ ಬುನಾದಿ ಆ ವರ್ಷ. ಚೌಕಾಶಿಯ ಚಟಕ್ಕೆ ಕೇಳಿದ ವರ್ಷವೇ ನನ್ನನ್ನು ಸಾಕಿತು.

ಆರನೆಯ ಪಂಚಮಿಯೂ ಹಾಗೇ ಕಳೆದ ಮೇಲೆ ನಾನೇ ಸಿಂಧನೂರಿಗೆ ಹೋದೆ. ಮಾವ ಗೊಬ್ಬರದ ಚೀಲಗಳ ನಡುವೆ ಕುಳಿತಿದ್ದ. ಮಧ್ಯಾಹ್ನದ ತನಕ ನನ್ನನ್ನು ನೋಡದವನಂತೆ ಗಿರಾಕಿಗಳನ್ನು ಸಾಗಹಾಕಿದ. ನಾನೂ ಏಳಲಿಲ್ಲ. ಕಡೆಗೆ ಅವನೇ ಅಂದ, "ಏನ್ ಬೇಕಾಗಿತ್ತಬೇ?"

"ತಪ್ಪಾತು ಮಾವ. ಅವ್ವನ ಕರಿಯಾಕ ಬಾ."

"ನಿನ್ನ ಮ್ಯಾಲ ನಂಗ ಸಿಟ್ಟಿಲ್ಲ. ನಿಮ್ಮಪ್ಪ ನನ್ನ ಒಂದ್ ಮಾತು ಕೇಳಬೇಕಿತ್ತು. ಹಿಂಗ ಹುಡುಗಿ ಓದ್ತೀನಿ ಅನ್ನಾಕತ್ಯಾಳ, ಏನ್ ಮಾಡೂಣು ಅಂತ ಕೇಳಿದ್ರ, ನಾನ ಓದಸ್ರಿ ಅಂತಿದ್ದೆ."

"ನೀನೂ ಸಹಿ ಹಾಕೋ ಮುಂದ ಅಪ್ಪನ್ನ ಕೇಳಿರಲಿಲ್ಲ ಮಾವ."

ಮಾವ ತಕ್ಕಡಿಯ ಮೇಲಿನ ಕಲ್ಲು ಎತ್ತಿ ಕೆಳಗಿಟ್ಟ. "ಅದೂ ಖರೇ ಐತಿ," ಎಂದ.

ಕೇಳಿದ್ದರೆ ನಿಜವಾಗಿ ಓದಿಸಿ ಎನ್ನುತ್ತಿದ್ದನೇ? ನನಗೆ ಇವತ್ತಿಗೂ ನಂಬಿಕೆಯಿಲ್ಲ. ಆದರೆ ಮುಂದಿನ ಪಂಚಮಿಗೆ ಬಂದ. ಅವ್ವ ಹತ್ತು ನಿಮಿಷದಲ್ಲಿ ಸೀರೆ ಬದಲಿಸಿ ಹೊರಟಳು. ಅಷ್ಟರಲ್ಲಿ ಸಿಂಧನೂರಿನ ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಣ್ಣಿಗೆ ಹೋಗಿ ಬಂದದ್ದು ಬಿಟ್ಟರೆ ಅವ್ವ ಆ ಮನೆ ಮೆಟ್ಟಿರಲಿಲ್ಲ, ತನ್ನ ತಾಯಿಯ ಜೊತೆ ಕಡೆಯ ನಾಲ್ಕು ವರ್ಷ ಒಂದು ಊಟವನ್ನೂ ಉಂಡಿರಲಿಲ್ಲ. ಅದನ್ನು ಯಾವ ಮಾವನೂ ತಿರುಗಿ ಕೊಡಲಾರ.

ನನ್ನ ಅಂಗಡಿಗೆ ಮಕ್ಕಳನ್ನು ಕರೆದುಕೊಂಡು ಬರುವ ತಾಯಂದಿರು ಈಗಲೂ ಕೇಳುತ್ತಾರೆ, ಯಾವ ಸಬ್ಜೆಕ್ಟ್ ಕೊಡಿಸೋಣ ಎಂದು. ನಿಮಗೂ ಅದನ್ನೇ ಹೇಳುತ್ತೇನೆ. ಊರೆಲ್ಲ ಹುಚ್ಚರದು ಎಂದರೂ ಮಗುವಿಗೆ ಮನಸ್ಸಿದ್ದರೆ ಕೊಡಿಸಿ. ಆದರೆ ಫಾರ್ಮು ತರುವ ದಿನ ಕಾಲೇಜಿನೊಳಗೆ ಹೋಗಿ ಕಲಿಸುವವರನ್ನೇ ಕಾಣಿ, ನಡುವೆ ವರ್ಗವಾದರೆ ಬದಲಿಗೆ ಯಾರು ಬರುತ್ತಾರೆ ಎಂದು ಕೇಳಿ, ಹಿಂದಿನ ವರ್ಷ ಓದಿದ ಒಬ್ಬ ಹುಡುಗಿಯ ನೋಟ್ಸ್ ಮೊದಲೇ ಹಿಡಿದಿಟ್ಟುಕೊಳ್ಳಿ. ಕಡೆಯ ದಿನದ ಬಸ್ಸನ್ನು ನಂಬಬೇಡಿ. ನೀವು ಗಟ್ಟಿಯಾಗಿ ನಿಂತರೆ ಮನೆಯಲ್ಲಿ ಯಾರ ದಾರಿ ಮುಚ್ಚುತ್ತದೆ ಎಂದು ಅವರನ್ನೇ ಎದುರಿಗೆ ಕೂರಿಸಿಕೊಂಡು ಕೇಳಿ, ಅವರು ಏನೂ ಇಲ್ಲ ಎಂದರೆ ಇನ್ನೊಂದು ಸಲ ಕೇಳಿ. ಆಮೇಲೆ, ಬೇಡ ಎನ್ನುವ ಹಿರಿಯರು ನಿಮ್ಮ ಮನೆಗೆ ಬರುವ ತನಕ ಕಾಯದೆ, ಒಂದು ದಿನ ಮೊದಲು ನೀವೇ ಅವರ ಮನೆಗೆ ಹೋಗಿ. ನಿರ್ಧಾರ ಬದಲಿಸಬೇಕಾಗಿಲ್ಲ, ಹೇಳಿ ಬನ್ನಿ. ಫೋನಿನಲ್ಲಿ ಹೇಳಿದರೆ ನಡೆಯುವುದಿಲ್ಲ, ಖುದ್ದು ಹೋಗಬೇಕು. ಮುಂಜಾನೆ ಹೋದರೆ ಒಳ್ಳೆಯದು, ಊಟಕ್ಕೆ ಇರು ಎಂದರೆ ಕುಳಿತು ಉಂಡು ಬನ್ನಿ.